ತಪಾಸಣೆಗೆ ಹೆದರಬೇಕೇ?

ಸಹೋದರಿ, ನಿಮ್ಮ ತಾಯಿಗೂ ಚಿಕ್ಕಮ್ಮನಿಗೂ ಸ್ತನ ಕ್ಯಾನ್ಸರ್ ಇತ್ತೆಂದಿಟ್ಟುಕೊಳ್ಳಿ. ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳುವಂತೆ ವೈದ್ಯರು ಸಲಹೆ ನೀಡುತ್ತಾರೆ. ಮಾಡಿಸಿದರೆ ಮೊದಲೇ ಎಚ್ಚರ ವಹಿಸಬಹುದು. ಆದರೆ ಅದರ ಫಲಿತಾಂಶ ಜೀವ ವಿಮಾ ಕಂಪೆನಿಯ ಕೈ ಸೇರಿದರೆ? ಕೆನಡಾದಲ್ಲಿ ಈ ಭಯದಿಂದಲೇ ಪರೀಕ್ಷೆಗೆ ಹಿಂಜರಿದವರಿದ್ದರು.

2017ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ತಂದಿತು. ಒಪ್ಪಂದ ಮಾಡಿಕೊಳ್ಳಲು ವಂಶವಾಹಿ ಪರೀಕ್ಷೆ ಮಾಡಿಸಬೇಕೆಂದಾಗಲಿ, ಅದರ ಫಲಿತಾಂಶ ತಿಳಿಸಬೇಕೆಂದಾಗಲಿ ಯಾರೂ ಒತ್ತಾಯಿಸುವಂತಿಲ್ಲ. ಮೀರಿದವರಿಗೆ 10 ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಕ್ವಿಬೆಕ್ ಪ್ರಾಂತ್ಯದ ಸರಕಾರ ಇದನ್ನು ಪ್ರಶ್ನಿಸಿತು. 2020ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರಲ್ಲಿ ಐವರು ಕಾನೂನನ್ನು ಎತ್ತಿಹಿಡಿದರು.

ಕಂಪೆನಿಗಳ ವಾದವನ್ನೂ ಕೇಳೋಣ. ಅಪಾಯ ತಿಳಿದವರು ಅದನ್ನು ಮುಚ್ಚಿಟ್ಟು ದೊಡ್ಡ ಮೊತ್ತದ ಪಾಲಿಸಿ ಕೊಂಡರೆ ಎಲ್ಲರ ಕಂತೂ ಏರುತ್ತದೆ ಎಂಬುದು ಅವರ ಅಳಲು. ವ್ಯವಹಾರದಲ್ಲಿ ದೋಷ ಮುಚ್ಚಿಡಬಾರದೆಂದು ನಮಗೂ ಕಲಿಸಲಾಗಿದೆಯಲ್ಲವೇ? ಆದರೆ ಆ ಕಾನೂನು ಸುಳ್ಳಿಗೆ ಪರವಾನಿಗೆಯಲ್ಲ. ಈಗಿರುವ ಕಾಯಿಲೆ, ತಾಯಿಗಿದ್ದ ರೋಗದ ಬಗ್ಗೆ ಕೇಳಿದರೆ ನಿಜ ಹೇಳಲೇಬೇಕು. ಮರೆಮಾಚಿದರೆ ಪಾಲಿಸಿ ರದ್ದಾಗಿ ಮಕ್ಕಳು ಬರಿಗೈಯಾಗಬಹುದು.

ಬಡ್ಡಿ ಮತ್ತು ಅನಿಶ್ಚಿತತೆಯ ಕಾರಣಕ್ಕೆ ಇಂತಹ ವಿಮೆಯನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಪರಸ್ಪರ ನೆರವಿನ ತಕಾಫುಲನ್ನು ಸೂಚಿಸುತ್ತಾರೆ. ಆ ಚರ್ಚೆ ಬೇರೆಯೇ ಇದೆ. ಶರೀರವಂತೂ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ವಿಮೆ ಸಿಗದೆಂದೋ, ಮಗಳಿಗೆ ಸಂಬಂಧ ಕೂಡಿಬರದೆಂದೋ ಹೆದರಿ ತಪಾಸಣೆಯನ್ನು ಮುಂದೂಡಬೇಡಿ. ಈ ತಿಂಗಳೇ ವೈದ್ಯರನ್ನು ಕಾಣಿರಿ.