ಕೇಣಿ ಬಂದರು: ಹೂಳಿನೊಳಗಿನ ಗಂಧಕದ ಲೆಕ್ಕವೂ ಬೇಕು

ಭಾವಿಕೇರಿ (ಅಂಕೋಲಾ): ಭಾವಿಕೇರಿಯ ನೆರೆಯ ಕೇಣಿಯಲ್ಲಿ ಉದ್ದೇಶಿಸಲಾಗಿರುವ ಆಳಸಮುದ್ರ ಬಂದರಿನ ಕುರಿತ ಚರ್ಚೆ ಮುಖ್ಯವಾಗಿ ಮೀನುಗಾರರ ಬದುಕು, ಭೂಮಿ ಹಾಗೂ ಉದ್ಯೋಗದ ಸುತ್ತಲೇ ನಡೆದಿದೆ. ಕರ್ನಾಟಕ ಜಲಸಾರಿಗೆ ಮಂಡಳಿಯು 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ವಹಿಸಿದ ಈ ಯೋಜನೆಯ ಅಂದಾಜು ವೆಚ್ಚ ರೂ. 4,119 ಕೋಟಿ. ಮೀನುಗಾರರು 2025ರಲ್ಲಿ ಇದನ್ನು ವಿರೋಧಿಸಿ ಬೀದಿಗಿಳಿದರು. ಈ ನಡುವೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಹೂಳೆತ್ತಿದಾಗ ಮೇಲೆ ಬರುವ ಕೆಸರಿನ ಗುಣವೇನು?

ಕೆಸರೆಂಬ ತಿಜೋರಿ

ಅಳಿವೆಯ ಕಪ್ಪು ಕೆಸರನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಹೊಮ್ಮುವುದು ಕರಾವಳಿಯವರಿಗೆ ಪರಿಚಿತ. ಗಾಳಿಯಾಡದ ಆ ಕೆಸರಿನಲ್ಲಿ ಒಂದು ವರ್ಗದ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಸಲ್ಫೈಡ್ ಆಗಿ ಪರಿವರ್ತಿಸುತ್ತವೆ. ಅದು ಕಬ್ಬಿಣ, ಸತು, ತಾಮ್ರ, ಸೀಸಗಳೊಡನೆ ಸೇರಿ, ನೀರಿನಲ್ಲಿ ಕರಗದ ರೂಪ ತಳೆದು ತಳದಲ್ಲೇ ಉಳಿಯುತ್ತದೆ. ನೆದರ್‌ಲೆಂಡ್ಸ್‌ನ ಬುಡೆಲ್ ಸತು ಕಾರ್ಖಾನೆಯು 1992ರಲ್ಲಿ ಇದೇ ಗುಣವನ್ನು ಬಳಸಿ ಮಲಿನ ಅಂತರ್ಜಲದಿಂದ ಸತುವನ್ನು ಮರಳಿ ಪಡೆಯಲಾರಂಭಿಸಿತು.

ಹಟ್ಟಿಯ ಪಾಠ

ಇನ್ನೊಂದು ವರ್ಗದ್ದು ತದ್ವಿರುದ್ಧ ಕೆಲಸ. ಆಸಿಡಿಥಯೋಬ್ಯಾಸಿಲಸ್ ಫೆರ್ರೋಆಕ್ಸಿಡನ್ಸ್‌ನಂತಹ ಜೀವಿಗಳು ಗಾಳಿ ಸಿಕ್ಕೊಡನೆ ಸಲ್ಫೈಡ್ ಖನಿಜವನ್ನು ಒಡೆದು ಗಂಧಕಾಮ್ಲವನ್ನು ಉಂಟುಮಾಡುತ್ತವೆ. ಲೋಹಗಳು ಕರಗಿ ಹೊರಬರುತ್ತವೆ. ಆರ್ಸೆನೊಪೈರೈಟ್‌ನೊಳಗೆ ಸಿಲುಕಿ ಸಯನೈಡ್‌ಗೆ ಎಟುಕದ ಚಿನ್ನವನ್ನು ಬಿಡಿಸಲು ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಇವುಗಳ ಬಳಕೆಯಾಯಿತು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಅವರ ತಂಡವು ಹಟ್ಟಿ ಚಿನ್ನದ ಗಣಿಯ ಸಹಯೋಗದಲ್ಲಿ ಇದೇ ವಿಧಾನವನ್ನು ಪ್ರಯೋಗಿಸಿತು.

ಹಟ್ಟಿಯಂತಹ ಕಡೆ ಈ ಆಮ್ಲ ತೊಟ್ಟಿಯೊಳಗೆ ಉಂಟಾಗುತ್ತದೆ. ಅದನ್ನು ಸುಣ್ಣ ಬೆರೆಸಿ ತಟಸ್ಥಗೊಳಿಸಬಹುದು. ಬಯಲಿನಲ್ಲಿ ಆ ಹಿಡಿತವಿಲ್ಲ. ಕೇರಳದ ಕುಟ್ಟನಾಡಿನ 'ಕರಿ' ಮಣ್ಣು ಒಣಗಿದಾಗ ತೀವ್ರ ಆಮ್ಲೀಯವಾಗಿ ಭತ್ತದ ಬೆಳೆಗೆ ಮಾರಕವಾಗುತ್ತದೆ. ಸಲ್ಫೈಡ್‌ಯುಕ್ತ ಹೂಳನ್ನು ದಡದಲ್ಲಿ ರಾಶಿ ಹಾಕಿದರೆ ಎಲ್ಲಿಯೂ ಇದೇ ಸಂಭವಿಸಬಹುದು. ಮೊದಲ ಮಳೆಗೇ ಆಮ್ಲ ಹಾಗೂ ಲೋಹಗಳು ಗಜನಿ ಗದ್ದೆ, ಬಾವಿ, ಮೀನುಮರಿಗಳ ನೆಲೆಯತ್ತ ಹರಿಯುತ್ತವೆ.

ಪರೀಕ್ಷೆಯೇ ದಾರಿ

ಹೀಗೆಂದು ಕೇಣಿಯ ಹೂಳು ಅಪಾಯಕಾರಿಯೆಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ. ಮರಳು ಮಿಶ್ರಿತ ತಳದಲ್ಲಿ ಸಲ್ಫೈಡ್ ಕಡಿಮೆಯಿರಬಹುದು. ಚಿಪ್ಪಿನ ಸುಣ್ಣ ಆಮ್ಲವನ್ನು ತಗ್ಗಿಸಲೂಬಹುದು. ಆದರೆ ಅದನ್ನು ಊಹೆಗೆ ಬಿಡಲಾಗದು. ಆಸ್ಟ್ರೇಲಿಯಾದ ಕರಾವಳಿ ರಾಜ್ಯಗಳಲ್ಲಿ ಇಂತಹ ನೆಲವನ್ನು ಅಗೆಯುವ ಮುನ್ನ ಆಮ್ಲ ಉತ್ಪಾದನಾ ಸಾಮರ್ಥ್ಯವನ್ನು ಅಳೆಯುವ ಪದ್ಧತಿಯಿದೆ. ಇಲ್ಲಿಯೂ ಬೇರೆ ಬೇರೆ ಆಳದ ಮಾದರಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮಸ್ಥರ ಮುಂದಿಡಬೇಕು. ಹೂಳನ್ನು ಎಲ್ಲಿ ಸುರಿಯಲಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು. ಒಮ್ಮೆ ಗಾಳಿಗೆ ತೆರೆದುಕೊಂಡ ಸಲ್ಫೈಡ್‌ನಿಂದ ಆಮ್ಲ ಒಸರುವುದು ವರ್ಷಗಟ್ಟಲೆ ಮುಂದುವರಿಯಬಲ್ಲದು. ಆಗ ಪರಿಹಾರ ಹುಡುಕುವ ವೆಚ್ಚಕ್ಕೆ ಹೋಲಿಸಿದರೆ ಈಗಿನ ಪರೀಕ್ಷೆಯ ಖರ್ಚು ಅತ್ಯಲ್ಪ.