ಬಿ.ಇಡಿಗೆ ಸುರಿದ ಹಣ ಎಷ್ಟು ವರ್ಷಕ್ಕೆ ಮರಳೀತು?



ಸೆಪ್ಟೆಂಬರ್ 5 ಬಂತೆಂದರೆ ವೇದಿಕೆಗಳ ಮೇಲೆ ಒಂದು ದೂರು ತಪ್ಪದೆ ಕೇಳಿಬರುತ್ತದೆ: ಬುದ್ಧಿವಂತ ಹುಡುಗ ಹುಡುಗಿಯರು ಶಿಕ್ಷಕ ವೃತ್ತಿಗೆ ಬರುತ್ತಿಲ್ಲ, ಅವರಿಗೆ ಸೇವಾ ಮನೋಭಾವ ಕಡಿಮೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೆ ಈ ಮಾತು ತೀರಾ ಅನ್ಯಾಯದ್ದು ಎನಿಸುತ್ತದೆ. ಹಾಗೆ ದೂರುವವರು ಒಮ್ಮೆ ಕಾಗದ ಪೆನ್ನು ಹಿಡಿದು ಕೂರಲಿ.

ಮೊದಲು ಬಿ.ಇಡಿ ಒಂದು ವರ್ಷದ ಓದು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ ವರದಿಯ ನಂತರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ (ಎನ್‌ಸಿಟಿಇ) 2014ರಲ್ಲಿ ಹೊಸ ನಿಯಮ ತಂದಿತು, 2015ರಿಂದ ಅದು ಎರಡು ವರ್ಷವಾಯಿತು. ತರಬೇತಿ ಗಟ್ಟಿಯಾಗಬೇಕೆಂಬ ಆಶಯಕ್ಕೆ ನನ್ನ ತಕರಾರಿಲ್ಲ. ಹೆಚ್ಚಾದ ಆ ಒಂದು ವರ್ಷದ ಭಾರ ಮಾತ್ರ ಪೂರ್ತಿ ಓದುವವರ ಮನೆಯ ಮೇಲೆ ಬಿತ್ತು. ಖಾಸಗಿ ಕಾಲೇಜಿನ ಶುಲ್ಕ, ಹಾಸ್ಟೆಲ್ಲು, ಬಸ್ಸು, ಪಾಠ ಯೋಜನೆಯ ಕಡತ, ಬೋಧನೋಪಕರಣ ಎಲ್ಲ ಸೇರಿ ಎರಡು ವರ್ಷಕ್ಕೆ ಒಂದು ಲಕ್ಷ ಎಂದೇ ಹಿಡಿಯೋಣ. ವಿದ್ಯಾರ್ಥಿವೇತನ ಸಿಕ್ಕವರಿಗೆ ಇದು ಕೊಂಚ ಇಳಿಯುತ್ತದೆ, ಮ್ಯಾನೇಜ್‌ಮೆಂಟ್ ಸೀಟು ಹಿಡಿದವರಿಗೆ ಏರುತ್ತದೆ. ಬಿ.ಎಸ್ಸಿ ಮುಗಿಸಿದ ಹುಡುಗಿ ಅದೇ ಎರಡು ವರ್ಷ ತಿಂಗಳಿಗೆ 12 ಸಾವಿರದ ಯಾವುದಾದರೂ ಕೆಲಸ ಮಾಡಿದ್ದರೆ 2 ಲಕ್ಷದ 88 ಸಾವಿರ ದುಡಿಯುತ್ತಿದ್ದಳು. ಅಲ್ಲಿಗೆ ಬಿ.ಇಡಿಯ ನಿಜವಾದ ಬೆಲೆ 3 ಲಕ್ಷದ 88 ಸಾವಿರ.

ಇನ್ನು ಗಳಿಕೆ. ಕಾಯಂ ನೌಕರಿ ಕಣ್ಣಳತೆಯಲ್ಲಿ ಇಲ್ಲದವರು ಸೇರುವುದು ಅತಿಥಿ ಶಿಕ್ಷಕರಾಗಿ. 2025ರ ಕರ್ನಾಟಕ ಬಜೆಟ್ಟಿನಲ್ಲಿ 2 ಸಾವಿರ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಸಿಗುವ ಗೌರವಧನ 12 ಸಾವಿರ, ಪ್ರೌಢಶಾಲೆಯಲ್ಲಿ 12,500. ಅದೂ ಶಾಲೆ ನಡೆಯುವ ಹತ್ತು ತಿಂಗಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಏನೂ ಇಲ್ಲ, ಜೂನ್‌ನಲ್ಲಿ ಮತ್ತೆ ಹೊಸದಾಗಿ ಅರ್ಜಿ. ಅಂದರೆ ವರ್ಷಕ್ಕೆ 1 ಲಕ್ಷದ 25 ಸಾವಿರ. ಮೂರು ವರ್ಷ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಕೂಡಿಟ್ಟರೂ 3 ಲಕ್ಷದ 75 ಸಾವಿರ. ಬಿ.ಇಡಿಗೆ ಸುರಿದದ್ದು ಆಗಲೂ ಮರಳಲಿಲ್ಲ! ಆ ಹಣ ಎಷ್ಟೋ ಮನೆಗಳಲ್ಲಿ ತಾಯಿಯ ಬಂಗಾರ ಅಡವಿಟ್ಟು ತಂದದ್ದು. ಬಡ್ಡಿಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಇನ್ನೊಂದು ಕಡೆ, ರಾಜ್ಯದ ಏಳನೇ ವೇತನ ಆಯೋಗದ ನಂತರ 6ರಿಂದ 8ನೇ ತರಗತಿಗೆ ಕಲಿಸುವ ಕಾಯಂ ಪದವೀಧರ ಶಿಕ್ಷಕರ ಆರಂಭಿಕ ಮೂಲ ವೇತನ 44,425 ರೂಪಾಯಿ. ಭತ್ಯೆಗಳು ಬೇರೆ. ಆ ಸಂಬಳವನ್ನು ನಾನು ಹೆಚ್ಚೆನ್ನುವುದಿಲ್ಲ, ಅದು ಅವರ ಹಕ್ಕು. ಆದರೆ ಅದೇ ಶಾಲೆಯಲ್ಲಿ, ಅದೇ ವೇಳಾಪಟ್ಟಿಯಲ್ಲಿ, ಅದೇ ಬಿ.ಇಡಿ ಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿ ಬಂದ ಅತಿಥಿ ಶಿಕ್ಷಕರಿಗೆ ಅದರ ಮೂರನೇ ಒಂದು ಪಾಲೂ ಇಲ್ಲ ಎನ್ನುವುದನ್ನು ಯಾವ ನ್ಯಾಯದಿಂದ ಸಮರ್ಥಿಸುತ್ತೀರಿ? ರಾಜ್ಯದಲ್ಲಿ ಅತಿಥಿ ಶಿಕ್ಷಕರು ಸುಮಾರು 50 ಸಾವಿರ ಮಂದಿ. ಅವರಿಲ್ಲದೆ ಎಷ್ಟೋ ಹಳ್ಳಿಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠವೇ ನಡೆಯುವುದಿಲ್ಲ.

ಕಾಯಂ ಆಗುವವರೆಗೆ ಸಹಿಸಿಕೊಳ್ಳಲಿ ಎನ್ನುವವರಿದ್ದಾರೆ. ಎಲ್ಲಿಯವರೆಗೆ? 2022ರಲ್ಲಿ 15 ಸಾವಿರ ಹುದ್ದೆಗಳಿಗೆ ಅರ್ಜಿ ಕರೆದರು. ಆಯ್ಕೆ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು, ಆದೇಶ ಕೈಸೇರುವ ಹೊತ್ತಿಗೆ ಪರೀಕ್ಷೆ ಬರೆದು ವರ್ಷ ದಾಟಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, 1ರಿಂದ 5ನೇ ತರಗತಿಗೆ ಕಲಿಸಲು ಬಿ.ಇಡಿ ಅರ್ಹತೆಯಲ್ಲ, ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ (ಡಿ.ಇಎಲ್.ಇಡಿ) ಬೇಕು ಎಂದಿತು. ಚಿಕ್ಕ ಮಕ್ಕಳ ದೃಷ್ಟಿಯಿಂದ ಅದು ಸರಿಯಾದ ತೀರ್ಪು, ಆದರೆ ಬಿ.ಇಡಿಯವರಿಗೆ ಒಂದು ಬಾಗಿಲು ಮುಚ್ಚಿತು. 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲ ಎಂದು ಸರ್ಕಾರ ನಿರ್ಧರಿಸಿತು. ಒಳಮೀಸಲಾತಿ ದಶಕಗಳ ನ್ಯಾಯವಾದ ಬೇಡಿಕೆ. ಅದನ್ನು ಬೇಗ ಮುಗಿಸಬೇಕಾಗಿದ್ದದ್ದು ಸರ್ಕಾರ. ಕಾಯುತ್ತ ವಯೋಮಿತಿಯ ಅಂಚಿಗೆ ಬಂದವರು ಮಾತ್ರ ಈ ಬಿ.ಇಡಿ ಪದವೀಧರರು.

ನನ್ನ ತರಗತಿಯಲ್ಲಿ ಓದಿದ ಹುಡುಗಿಯೊಬ್ಬಳು, ಭೌತಶಾಸ್ತ್ರವನ್ನು ಕಥೆಯಂತೆ ಹೇಳಬಲ್ಲವಳು, ಬಿ.ಇಡಿ ಅರ್ಜಿ ತಂದಿಟ್ಟುಕೊಂಡು ಕೊನೆಗೆ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ತಂಗಿಯ ಓದು ಅವಳ ಹೆಗಲ ಮೇಲಿತ್ತು. ಅವಳಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿಯಲ್ಲಿ ತಿಂಗಳಿಗೆ 3 ಸಾವಿರದಂತೆ ಎರಡು ವರ್ಷ ಭತ್ಯೆ ಉಂಟು. ಅದು ಒಳ್ಳೆಯ ಯೋಜನೆ. ಆದರೆ ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅದು ಸಿಗದು. ಹೀಗಾಗಿ ಶಿಕ್ಷಕಿಯಾಗಲು ಹೊರಟವಳು ಆ 72 ಸಾವಿರವನ್ನೂ ಬಿಟ್ಟುಕೊಡಬೇಕು. ಬಿ.ಇಡಿಯ ಎರಡು ವರ್ಷದಲ್ಲಿ ಕನಿಷ್ಠ 20 ವಾರ ಶಾಲಾ ಇಂಟರ್ನ್‌ಶಿಪ್ ಇದೆ. ಆಗ ಅವರು ಮಾಡುವುದು ನಿಜವಾದ ಪಾಠ, ಎಷ್ಟೋ ಕಡೆ ಖಾಲಿ ಹುದ್ದೆಯ ಪಾಠವೇ. ವೈದ್ಯಕೀಯ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡುವ ರಾಜ್ಯ ಈ 20 ವಾರಗಳಿಗೂ ಏನಾದರೂ ಕೊಡಬೇಕಲ್ಲವೇ?

ಅತಿಥಿ ಶಿಕ್ಷಕರ ಗೌರವಧನವನ್ನು ಕಾಯಂ ಶಿಕ್ಷಕರ ಆರಂಭಿಕ ಮೂಲ ವೇತನಕ್ಕೆ ಜೋಡಿಸಿ, ಕನಿಷ್ಠ ಅದರ ಅರ್ಧಕ್ಕಾದರೂ ಏರಿಸಬೇಕು. ನೇಮಕಾತಿ ಅಧಿಸೂಚನೆ ಪ್ರತಿ ವರ್ಷ ಗೊತ್ತಾದ ತಿಂಗಳಲ್ಲಿ ಬರಬೇಕು. ಇವಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಸಮಯ ಹಿಡಿಯುತ್ತದೆ ಎಂಬುದು ಗೊತ್ತು. ಆದರೆ ಬೇಸಿಗೆಯ ಎರಡು ತಿಂಗಳ ಗೌರವಧನಕ್ಕೆ ಅಷ್ಟೆಲ್ಲ ಕಾಯಬೇಕಿಲ್ಲ. ಅದರ ಬಗ್ಗೆ ಶಿಕ್ಷಣ ಸಚಿವರು ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ತೀರ್ಮಾನ ಪ್ರಕಟಿಸಲಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ಹಾವೇರಿ ಜಿಲ್ಲೆ