ಮಂತ್ರವಾದಿಗೂ ಲೆಕ್ಕ ತಪ್ಪುವುದಿಲ್ಲ

ದಸರಾ ರಜೆಯಲ್ಲಿ ಮೂರು ಕಾದಂಬರಿಗಳನ್ನು ಓದಿದೆ. ಒಂದು ಮಂತ್ರವಾದಿಯ ಕಥೆ, ಒಂದು ಹಾರುವ ಓತಿಯ ಕಥೆ, ಇನ್ನೊಂದು ನಮ್ಮ ನಿಮ್ಮಂಥ ಬೆಂಗಳೂರಿನ ಸಂಸಾರದ ಕಥೆ. ಮೊದಲನೆಯದನ್ನು ನನಗೆ ಕೊಟ್ಟವನು ಹತ್ತನೇ ತರಗತಿಯ ವಿದ್ಯಾರ್ಥಿ.

ಅದು ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ 'ಎ ವಿಜರ್ಡ್ ಆಫ್ ಅರ್ಥ್‌ಸೀ'. ಮೇಕೆ ಕಾಯುವ ಹುಡುಗ ಗೆಡ್ ದ್ವೀಪವೊಂದರಲ್ಲಿರುವ ಮಂತ್ರವಿದ್ಯೆಯ ಶಾಲೆಗೆ ಸೇರುತ್ತಾನೆ. ಕೋಲು ಬೀಸಿದರೆ ಕೆಲಸವಾಗುವ ಜಾದೂ ಅಲ್ಲಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ನಿಜವಾದ ಹೆಸರಿದೆ, ಅದನ್ನು ಕಲಿಯದೆ ಅದರ ಮೇಲೆ ಹಿಡಿತ ಸಿಗದು. ಗಿಡ, ಮೀನು, ಕಡಲಿನ ಮೂಲೆಮೂಲೆಗಳ ಹೆಸರುಗಳನ್ನು ಹುಡುಗರು ಗೋಪುರದಲ್ಲಿ ಕೂತು ಉರುಹೊಡೆಯಬೇಕು. ಸಸ್ಯಗಳ ಲ್ಯಾಟಿನ್ ಹೆಸರು ಬರೆಸಿದರೆ ಮುಖ ಸಿಂಡರಿಸುವ ನನ್ನ ಮಕ್ಕಳು ನೆನಪಾಗಿ ನಗು ಬಂತು.

ಕಲ್ಲನ್ನು ರತ್ನದಂತೆ ತೋರಿಸುವುದು ಸುಲಭ, ನಿಜವಾಗಿ ರತ್ನವಾಗಿಸುವುದೆಂದರೆ ಲೋಕದ ಸಮತೋಲವನ್ನೇ ಅಲುಗಿಸಿದಂತೆ ಎಂದು ಗುರುಗಳು ಎಚ್ಚರಿಸುತ್ತಾರೆ. ಒಂದು ಕಡೆ ಮಳೆ ತರಿಸಿದರೆ ಇನ್ನೊಂದು ಕಡೆ ಬರ ಬಿದ್ದೀತು. ಶಕ್ತಿಯ ಸಂರಕ್ಷಣೆಯ ನಿಯಮವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಅದರ ಮರ್ಮ ಇಷ್ಟು ಚೆನ್ನಾಗಿ ಮನಸ್ಸಿಗೆ ಇಳಿಯುವಂತೆ ಯಾವ ಪಠ್ಯಪುಸ್ತಕವೂ ಹೇಳಿದ್ದು ಕಾಣೆ. ಜಂಬದಿಂದ ಸತ್ತವಳೊಬ್ಬಳ ಆತ್ಮವನ್ನು ಕರೆಯಹೋದ ಗೆಡ್‌ನ ಮೇಲೆ ಒಂದು ನೆರಳು ಎರಗುತ್ತದೆ. ಮುಂದಿನ ಕಥೆಯೆಲ್ಲ ಆ ನೆರಳಿನ ಬೆನ್ನಟ್ಟುವಿಕೆ. ಕೊನೆಯ ಕೆಲವು ಅಧ್ಯಾಯಗಳಲ್ಲಿ ದೋಣಿಯಾನ ಸ್ವಲ್ಪ ಹೆಚ್ಚಾಯಿತೆನ್ನಿಸಿತು.

ಈ ಹುಡುಗನ ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವವರು. "ಮೇಷ್ಟ್ರೇ, ಪಬ್ಲಿಕ್ ಪರೀಕ್ಷೆ ಎದುರಿಗಿದೆ, ಇವನು ಮಾಟಮಂತ್ರದ ಪುಸ್ತಕ ಹಿಡಿದು ಕೂತಿದ್ದಾನೆ. ನೀವಾದರೂ ಬುದ್ಧಿ ಹೇಳಿ" ಎಂದರು. ರಾತ್ರಿ ಪಾಳಿ ಮಾಡಿ ಫೀಸು ಕಟ್ಟುವವರ ಆತಂಕ ನನಗೆ ಅರ್ಥವಾಗುತ್ತದೆ. ಇದರಿಂದ ಒಂದು ಮಾರ್ಕೂ ಹೆಚ್ಚು ಬಾರದು ಎಂದು ಒಪ್ಪಿಕೊಂಡೆ. ಆದರೆ ಭಾನುವಾರ ಮಧ್ಯಾಹ್ನ ಎರಡು ಗಂಟೆ ಪುಸ್ತಕಕ್ಕೆ ಬಿಡಿ ಎಂದು ಕೇಳಿದೆ. ಯೋಚಿಸುತ್ತೇನೆ ಎಂದರು. ಅಷ್ಟಾದದ್ದೇ ದೊಡ್ಡದು.

ಹುಡುಗನಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' (1980) ಕೊಟ್ಟೆ. ಕೊಡುವ ಮುನ್ನ ನಾನೂ ಮತ್ತೊಮ್ಮೆ ಓದಿದೆ. ಮಲೆನಾಡಿನ ಕಾಡಿನಲ್ಲಿ ಕೋಟ್ಯಂತರ ವರ್ಷ ಹಳೆಯದಾದ ಹಾರುವ ಓತಿಯನ್ನು ಹುಡುಕಿ ಹೊರಡುವ ಕಥೆ. ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜಕ್ಕೂ ಇದೆ. ನೀಳವಾದ ಪಕ್ಕೆಲುಬುಗಳಿಗೆ ಅಂಟಿದ ಚರ್ಮವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ, ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ತೇಜಸ್ವಿ ಈ ನಿಜದ ತುದಿಯಿಂದ ಕಲ್ಪನೆಗೆ ಜಿಗಿಯುತ್ತಾರೆ. ನಿಜ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಯಿತೆಂದು ಹುಡುಕುವುದೇ ಒಂದು ಒಳ್ಳೆಯ ಪ್ರಾಜೆಕ್ಟು. ಜೇನಿನ ಮಂದಣ್ಣನಂತೂ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಪ್ರತಿವರ್ಷ ಕಾಣಸಿಗುವ ಹುಡುಗ. ಊರಿಗೆ ಅವನು ದಡ್ಡ. ವಿಜ್ಞಾನಿ ಕರ್ವಾಲೋಗೆ ಮಾತ್ರ ಅವನ ಕಣ್ಣೇ ಬೇಕು.

ಮೂರನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದ ಕಿರುಕಾದಂಬರಿ. ಇದು ಮಕ್ಕಳ ಪುಸ್ತಕವಲ್ಲ, ತಾಯಿತಂದೆಯರದು. ಇರುವೆ ಮುತ್ತುವ ಇಕ್ಕಟ್ಟಿನ ಮನೆಯಲ್ಲಿ ಸಂಬಳ ಎಣಿಸಿ ಬದುಕುತ್ತಿದ್ದವರು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಸಿರಿವಂತರಾಗುತ್ತಾರೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನಲ್ಲಿ ಇಂಥ ಮನೆಗಳನ್ನು ಎಷ್ಟೋ ಕಂಡಿದ್ದೇವೆ. ಮಂತ್ರವಾದಿಯ ಕಥೆಯಲ್ಲಿ ಮಾಡಿದ್ದಕ್ಕೆ ಬೆಲೆ ತೆರಬೇಕಾದದ್ದು ಗೆಡ್‌ಗೆ ಚೆನ್ನಾಗಿ ಗೊತ್ತು. ಇಲ್ಲಿ ದುಡಿಯುವ ಚಿಕ್ಕಪ್ಪನಿಗೆ ಯಾರೂ ಎದುರಾಡುವುದಿಲ್ಲ, ತಪ್ಪನ್ನು ತಪ್ಪೆಂದ ಸೊಸೆಯೇ ಹೊರಗಿನವಳಾಗುತ್ತಾಳೆ. ಅವಳಿಗೆ ಏನಾಯಿತೆಂದು ಕಾದಂಬರಿ ಬಾಯಿಬಿಡುವುದಿಲ್ಲ. ಓದಿ ಮುಚ್ಚಿಟ್ಟ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಮೂರರಲ್ಲಿ ಭಯ ಹುಟ್ಟಿಸಿದ್ದು, ಮಂತ್ರವೇ ಇಲ್ಲದ ಈ ಪುಸ್ತಕ.